ಉಜ್ಜಬೇಡ ಅನ್ನಿ ಅವನಿಗೆ

ನಮ್ಮ ಗೋಣಿಕೊಪ್ಪದ ಕಡೆ ಕಾಫಿ ಬೆಲೆ, ಆನೆ ಕಾಟ ಬಿಟ್ಟರೆ ಬೇಲಿ ದಾಟಿ ಹೆಚ್ಚು ಓಡಾಡುವ ಮಾತು ಕೋವಿಯದೇ. ಆಯುಧ ಪೂಜಿಸುವ ಕೈಲ್ ಮುಹೂರ್ತದ ಹಬ್ಬ ಹತ್ತಿರ ಬಂದರಂತೂ ಕೇಳುವುದೇ ಬೇಡ, ಮನೆಮನೆಯಲ್ಲೂ ಕೋವಿಗೆ ಎಣ್ಣೆ, ನಳಿಗೆಯ ತುದಿಗೆ ತೋಕ್ ಪೂ ಎಂಬ ಹೂ. ಪಕ್ಕದ ಮನೆಯ ಸುಬೇದಾರ್ರು ಸೈನ್ಯದ ಇ.ಎಂ.ಇ. ದಳದಲ್ಲಿ ಆರ್ಮರರ್ ಆಗಿದ್ದವರು. ಬೇರೆಯವರು ಹೊಡೆದು ಕೆಡಿಸಿದ ಕೋವಿಗಳನ್ನು ರಿಪೇರಿ ಮಾಡಿಯೇ ಪಿಂಚಣಿ ಸಂಪಾದಿಸಿದ ಜೀವ. ಹಾಗಾಗಿ ಡಲ್ಲಾಸಿನಲ್ಲಿರುವ ನನ್ನ ಅಕ್ಕನ ಮಗ ಹಳೆಯ ಮಿಲಿಟರಿ .303 ಕೋವಿಯೊಂದನ್ನು ಕೊಳ್ಳಲು ಹೊರಟು ವಾಟ್ಸಾಪಿನಲ್ಲಿ ಫೋಟೋ ಕಳಿಸಿದಾಗ, ಫೋನನ್ನು ಹಾಗೇ ಬೇಲಿಯಾಚೆ ದಾಟಿಸಿದೆ.

“ಮಾರುವವನು ಏನಂತಾನೆ?”

“ಒರಿಜಿನಲ್ ಅಂತೆ. ಒಂದನೇ ಮಹಾಯುದ್ಧದ್ದಂತೆ. ಅಫ್ಘಾನಿಸ್ತಾನದಿಂದ ಬಂದದ್ದಂತೆ.”

“ಮೂರು ಅಂತೆ ಆಯ್ತು,” ಎನ್ನುತ್ತ ಕನ್ನಡಕ ಏರಿಸಿಕೊಂಡರು. ನಳಿಗೆ, ಮರ ಯಾವುದನ್ನೂ ನೋಡಲಿಲ್ಲ. ಬಟ್ಟು ಉಕ್ಕಿಗೆ ಸೇರುವ ಕುತ್ತಿಗೆಯ ಹತ್ತಿರ ಎರಡು ಬೆರಳಿಟ್ಟು ಚಿತ್ರ ದೊಡ್ಡದು ಮಾಡಿದರು. ಅಲ್ಲಿ ಒಂದು ಕಿರೀಟ, ಕೆಳಗೆ ವಿ.ಆರ್., ಅದರ ಕೆಳಗೆ ಎನ್‌ಫೀಲ್ಡ್, 1914. ಮುಸಿಮುಸಿ ನಗು ಶುರುವಾಯಿತು.

“ಮೇಷ್ಟ್ರೇ, ವಿಕ್ಟೋರಿಯಾ ರಾಣಿ ತೀರಿಕೊಂಡದ್ದು ಯಾವಾಗ?”

“1901ರ ಜನವರಿ.” ಚರಿತ್ರೆ ಪಾಠ ಮಾಡಿದವನು, ಇಷ್ಟಾದರೂ ಗೊತ್ತಿರಬೇಡವೇ.

“ಈ ಗಿಡ್ಡ ನಮೂನೆಯ .303 ಸೈನ್ಯಕ್ಕೆ ಬಂದದ್ದೇ ಅವಳು ಹೋದ ಮೇಲೆ. 1910ರವರೆಗೆ ಎಡ್ವರ್ಡ್‌ದು ಇ.ಆರ್., ಆಮೇಲೆ ಜಾರ್ಜ್‌ದು ಜಿ.ಆರ್. ಇದಕ್ಕೆ ಮುದ್ರೆ ಒತ್ತೋಕೆ ರಾಣಿ ಸಮಾಧಿಯಿಂದ ಎದ್ದು ಬಂದಿರಬೇಕು. ಎನ್ ಅಕ್ಷರ ನೋಡಿ, ಕನ್ನಡಿಯಲ್ಲಿ ಬರೆದ ಹಾಗೆ ತಿರುಗಿ ಕೂತಿದೆ.”

ಇದು ದರ್ರಾ ಅದಮ್ ಖೇಲ್ ಮಾಲು. ಪಾಕಿಸ್ತಾನದ ಕೊಹಾಟ್ ಹತ್ತಿರದ ಊರು, ಊರಿಗೆ ಊರೇ ಕೋವಿ ಕಮ್ಮಟ. ಇಂಗ್ಲಿಷ್ ಓದಲು ಬಾರದ ಕೈಗಳು ಅಕ್ಷರವನ್ನು ಚಿತ್ರವೆಂದುಕೊಂಡು ಕೊರೆಯುತ್ತವೆ, ಮಿಕ್ಕದ್ದನ್ನೆಲ್ಲ ಅರದಲ್ಲಿ ಉಜ್ಜಿ ತೀಡುತ್ತವೆ. ಅಫ್ಘಾನಿಸ್ತಾನಕ್ಕೆ ಹೋದ ಅಮೆರಿಕನ್ ಸೈನಿಕರು ನೆನಪಿಗೆಂದು ಬಜಾರಿನಲ್ಲಿ ಕೊಂಡು ತಂದವುಗಳಲ್ಲಿ ಇಂಥವು ಬೇಕಾದಷ್ಟು. ಆ ಕೈಚಳಕಕ್ಕೆ ಸುಬೇದಾರ್ರು ಒಳ್ಳೆಯ ಮಾತನ್ನೇ ಆಡಿದರು. ಆದರೆ ಉಕ್ಕು ಎಲ್ಲಿಯದೋ ಯಾರಿಗೆ ಗೊತ್ತು, ಗೋಡೆಗೆ ನೇತುಹಾಕಲಿ, ಒಳಗೆ ತೋಟಾ ಮಾತ್ರ ಇಡದಿರಲಿ ಎಂದರು.

ಎರಡನೆಯ ಫೋಟೋ ಬಂತು, ಬೇರೊಂದು ಕೋವಿಯದು. ಮುಂಭಾಗದ ಮರಕ್ಕೆಲ್ಲ ತಾಮ್ರದ ತಂತಿ ಸುತ್ತಿದ್ದಾರೆ, ಮರಕ್ಕೆ ಅಡ್ಡಲಾಗಿ ಒಂದು ಸ್ಕ್ರೂ ಬೇರೆ ಹೊಡೆದಿದ್ದಾರೆ. ಇದು ಯಾರೋ ಮುರಿದದ್ದನ್ನು ಕಟ್ಟಿಕೊಟ್ಟದ್ದೆಂದು ನಾನು ಮೂಗು ಮುರಿದೆ. ಸುಬೇದಾರ್ರು ಬೇಲಿಗೆ ಇನ್ನಷ್ಟು ಒತ್ತಿ ನಿಂತರು. ಕಿರೀಟ, ಜಿ.ಆರ್.ಐ., ಇಶಾಪುರ, 1942. ಕೋಲ್ಕತ್ತಾದಿಂದ ಉತ್ತರಕ್ಕೆ ಹೂಗ್ಲಿ ದಂಡೆಯ ನಮ್ಮದೇ ಕಾರ್ಖಾನೆ! ನಳಿಗೆಯ ತುದಿಗೆ ಬಟ್ಟಲು ಸಿಕ್ಕಿಸಿ ಗ್ರೆನೇಡ್ ಹಾರಿಸುವಾಗ ಮರ ಸೀಳದಿರಲಿ ಎಂದು ಬಿಗಿದ ತಂತಿ ಅದು. ಆ ಸ್ಕ್ರೂ ಕೂಡ ಇಶಾಪುರದ ಗುರುತೇ. ಬಿಚ್ಚಿದರೆ ಇದ್ದ ಬೆಲೆಯೂ ಹೋಯಿತು.

“ಹಾಗಾದರೆ ಕೊಂಡುಕೊಳ್ಳಲಾ ಅಂತ ಕೇಳ್ತಾನೆ.”

“ನಂಬರ್ ಕೂಡಿ ಬರಬೇಕಲ್ವಾ?”

ಕೋವಿಯ ಮೈಮೇಲೆ ಒಂದು ನಂಬರ್ ಉಂಟು. ಅದೇ ನಂಬರ್ ಬೋಲ್ಟಿನ ಹಿಡಿಯ ಬುಡದಲ್ಲಿ, ಮೂತಿಯ ಕವಚದಲ್ಲಿ, ಗುರಿ ನೋಡುವ ಪಟ್ಟಿಯ ಅಡಿಯಲ್ಲಿ, ಮುಂದಿನ ಮರದಲ್ಲಿ ಇರಬೇಕು. ಇವುಗಳಲ್ಲಿ ಜೀವಕ್ಕೆ ಸಂಬಂಧಿಸಿದ್ದು ಬೋಲ್ಟಿನದ್ದು. ಪ್ರತಿ ಕೋವಿಗೂ ಅದರದೇ ಬೋಲ್ಟು ಕೂರಿಸಿರುತ್ತಾರೆ, ಬೇರೆಯದು ಸಡಿಲಾಗಿ ಕೂತರೆ ತೋಟಾದ ತಳ ಹರಿದು ಬಿಸಿಗಾಳಿ ಮುಖಕ್ಕೇ ಬಡಿಯುತ್ತದೆ. ಉಳಿದದ್ದೆಲ್ಲ ಸಂಗ್ರಹಕಾರರ ಖುಷಿಗೆ, ಎಲ್ಲ ಕೂಡಿ ಬಂದರೆ ಅವರು ಹೆಚ್ಚು ಬೆಲೆ ಕೊಡುತ್ತಾರೆ.

ಸೈನ್ಯದಲ್ಲಿ ಬಿಡಿಭಾಗ ಬದಲಾಯಿಸಿದರೆ ಹಳೆಯ ನಂಬರಿಗೆ ಅಡ್ಡಗೆರೆ ಎಳೆದು ಪಕ್ಕದಲ್ಲಿ ಹೊಸದನ್ನು ಒತ್ತುವುದು ರೂಢಿ, ಅದರಲ್ಲಿ ಕಳ್ಳತನವಿಲ್ಲ. ಮೋಸಗಾರ ಗೆರೆ ಎಳೆಯುವುದಿಲ್ಲ, ಹಳೆಯದನ್ನು ಅರದಲ್ಲಿ ತೇಯ್ದು ಅದೇ ಜಾಗಕ್ಕೆ ಹೊಸದನ್ನು ಬಡಿಯುತ್ತಾನೆ. ಟಾರ್ಚನ್ನು ಓರೆಯಾಗಿ ಹಿಡಿದರೆ ಆ ಅಂಕಿಗಳು ಚಿಕ್ಕದೊಂದು ತಗ್ಗಿನಲ್ಲಿ ಕೂತಿರುವುದು ಕಾಣುತ್ತದೆ.

ಇದನ್ನೆಲ್ಲ ಕೇಳಿ ನನಗೆ ಸಿಟ್ಟೇ ಬಂತು. ದಂಡಿನ ಜೊತೆ ಮಳೆ, ಮರಳು ಎನ್ನದೆ ತಿರುಗಿ, ಹತ್ತು ಸಲ ಬಿಚ್ಚಿಸಿಕೊಂಡು, ಮೂರು ಬೋಲ್ಟು ಕಂಡ ಕೋವಿಗೆ ಕಡಿಮೆ ಬೆಲೆ. ಗ್ರೀಸಿನಲ್ಲಿ ಮುಳುಗಿ ಗೋದಾಮಿನಲ್ಲಿ ನಿದ್ದೆ ಹೊಡೆದದ್ದಕ್ಕೆ ಹೆಚ್ಚು! ಇದ್ಯಾವ ನ್ಯಾಯ?

“ನಾನು ರಿಪೇರಿ ಮಾಡಿದ್ದಷ್ಟೂ ಅವರ ಲೆಕ್ಕದಲ್ಲಿ ಕೆಡಿಸಿದ್ದು ಮೇಷ್ಟ್ರೇ,” ಎಂದರು ಸುಬೇದಾರ್ರು. ಬೇಸರವಿರಲಿಲ್ಲ. ಪಿಂಚಣಿ ಅವರಿಗೆ ಆ ಸಂಗ್ರಹಕಾರರು ಕೊಡುತ್ತಿಲ್ಲವಲ್ಲ.

ಅಷ್ಟರಲ್ಲಿ ಹುಡುಗನ ಇನ್ನೊಂದು ಸಂದೇಶ: ಕೊಂಡ ಮೇಲೆ ಮರಕ್ಕೆ ಮರಳು ಕಾಗದ ಹಾಕಿ ಹೊಳೆಯುವ ವಾರ್ನಿಷ್, ಕಬ್ಬಿಣಕ್ಕೆ ಹೊಸ ಬ್ಲೂಯಿಂಗ್ ಮಾಡಿಸುವನಂತೆ. ಸುಬೇದಾರ್ರು ಕೈಯಲ್ಲಿದ್ದ ಚಿಂದಿಬಟ್ಟೆ ಕೆಳಗೆ ಹಾಕಿದರು.

“ಉಜ್ಜಬೇಡ ಅನ್ನಿ ಅವನಿಗೆ! ಮರದ ಮೇಲಿನ ಮುದ್ರೆ ಹೋದರೆ ಹೋಯಿತು. ಬೇಕಾದರೆ ಅಗಸೆ ಎಣ್ಣೆ ಒರೆಸಲಿ, ಅಷ್ಟೇ. ಅಮೆರಿಕದಲ್ಲೇ ಎರಡನೇ ಮಹಾಯುದ್ಧ ಮುಗಿದ ಮೇಲೆ ಅಗ್ಗಕ್ಕೆ ಸಿಕ್ಕಿದವೆಂದು ಎಷ್ಟು ಜನ ಮುಂದಿನ ಮರ ಕೊಯ್ದು ಬೇಟೆ ಕೋವಿ ಮಾಡಿಕೊಂಡರು. ಈಗ ಅಂಥವನ್ನು ಮೂಸುವವರಿಲ್ಲ.”

ಮಾತಿನ ನಡುವೆ ಅವರಿಗೆ ಇನ್ನೊಂದು ನೆನಪಾಯಿತು. ಅಲ್ಲಿಯ 1968ರ ಕಾನೂನು ಬಂದ ಮೇಲೆ ಆಮದಾದದ್ದಾದರೆ ಅದರ ಪ್ರಕಾರ ತರಿಸಿದವನ ಹೆಸರು ಕೋವಿಯ ಮೇಲೆ ಎಲ್ಲಾದರೂ ಒತ್ತಿರುತ್ತಾರೆ, ಅದೂ ಸಂಗ್ರಹಕಾರರಿಗೆ ಕಣ್ಣಲ್ಲಿ ಕಸ, ಚೌಕಾಸಿಗೆ ಒಳ್ಳೆಯ ನೆಪ. ಹುಡುಗನಿಗೆ ಇದನ್ನೂ ಬರೆದೆ. ಬೋಲ್ಟಿನ ನಂಬರ್ ಕಾಣುವ ಹಾಗೆ ಒಂದು ಫೋಟೋ ಕೇಳು ಎಂದೆ.

ಮರುದಿನ ಮಾರುವವನು ಕೋವಿಯನ್ನು ಮೇಲೆ ಕೆಳಗೆ ಮಾಡಿ ಎಲ್ಲ ಕಡೆಯಿಂದಲೂ ಫೋಟೋ ಕಳಿಸಿದ್ದ. ಬೋಲ್ಟಿನ ಹಿಡಿ ಕಾಣುವ ಕಡೆಯೆಲ್ಲ ಅವನ ಹೆಬ್ಬೆರಳಿತ್ತು.

“ಬೆಲೆ ಗೊತ್ತಾಯ್ತು ಬಿಡಿ,” ಎಂದು ಸುಬೇದಾರ್ರು ಫೋನು ವಾಪಸು ಕೊಟ್ಟರು.