ಸಪೂರವಾದ ಕಲಮಿಗೆ ಗುಂಡ್ಲುಪೇಟೆಯಿಂದ ಅಭಿನಂದನೆ

ಮಾಹಿತಿ ಹಕ್ಕು ಕಾಯ್ದೆಯ ಕಲಂ 8(1)(ಜೆ) ಅವರ ಸನ್ನಿಧಾನಕ್ಕೆ,

ಅಡ್ಡಬಿದ್ದೆ ಬುದ್ಧಿ. ಇದು ಅರ್ಜಿಯಲ್ಲ, ಬರೀ ಪತ್ರ. ಅರ್ಜಿಯಾಗಿದ್ದರೆ ನಮ್ಮ ರಾಜ್ಯದ ನಿಯಮದಂತೆ ಒಂದೇ ವಿಷಯ, 150 ಪದ, ಅಷ್ಟಕ್ಕೇ ಬಾಯಿ ಮುಚ್ಚಬೇಕಿತ್ತು.

2005ರಲ್ಲಿ ಹುಟ್ಟಿದಾಗ ತಾವು ಎಷ್ಟು ದಪ್ಪಗಿದ್ದಿರಿ! ಸಾರ್ವಜನಿಕ ಕೆಲಸಕ್ಕೆ ಸಂಬಂಧವಿಲ್ಲದ ಖಾಸಗಿ ವಿಷಯವನ್ನಷ್ಟೇ ಮುಚ್ಚಿಡಬೇಕು, ಜನಹಿತ ದೊಡ್ಡದಿದ್ದರೆ ಅದನ್ನೂ ಕೊಡಬೇಕು ಎಂದು ಮೈತುಂಬ ಷರತ್ತು. ಹಿಂದೊಂದು ಬಾಲ ಬೇರೆ: ಶಾಸನಸಭೆಗೆ ಇಲ್ಲವೆನ್ನಲಾಗದ್ದನ್ನು ಸಾಮಾನ್ಯನಿಗೂ ಇಲ್ಲವೆನ್ನುವಂತಿಲ್ಲ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ 44(3)ನೇ ಕಲಂ ಪಥ್ಯ ಬರೆದುಕೊಟ್ಟಿತು. 2025ರ ನವೆಂಬರಿನಲ್ಲಿ ಅದು ಜಾರಿಗೂ ಬಂತು. ಈಗ ಉಳಿದಿರುವುದು 'ವೈಯಕ್ತಿಕ ಮಾಹಿತಿಗೆ ಸಂಬಂಧಿಸಿದ ಮಾಹಿತಿ' ಎಂಬುದಷ್ಟೇ. ಇಷ್ಟು ಸಪೂರವಾದವರು ಯಾವ ಬೀರುವಿನ ಸಂದಿಯಲ್ಲೂ ನುಸುಳಬಹುದು.

ನಮ್ಮ ಜಿಲ್ಲೆಯಲ್ಲಿ ತಮಗೆ ಕೈತುಂಬ ಕೆಲಸವಿದೆ. ಮೊದಲು ಚಾಮರಾಜನಗರದ ಜನನ ಮಂಟಪಕ್ಕೆ ಟಾರ್ಪಾಲು ಹೊದಿಸಿ. ಖಾಸಾ ಚಾಮರಾಜ ಒಡೆಯರು ಹುಟ್ಟಿದ್ದು ಇಲ್ಲೇ ಎಂದು ಮಗ ಮುಮ್ಮಡಿ ಕೃಷ್ಣರಾಜರು ಅದನ್ನು ಕಟ್ಟಿಸಿದ್ದಲ್ಲದೆ, ಅರಿಕುಠಾರಕ್ಕೆ ಅಪ್ಪನ ಹೆಸರನ್ನೇ ಇಟ್ಟರು. ತಂದೆಯ ಹೆಸರು, ಹುಟ್ಟಿದ ಸ್ಥಳ, ಎರಡೂ ಬಸ್ಸಿನ ಬೋರ್ಡಿನಲ್ಲಿ ರಾಜಾರೋಷವಾಗಿ ತಿರುಗುತ್ತಿವೆ! ಗುಂಡ್ಲುಪೇಟೆ ತಾಲ್ಲೂಕಿನ ಶಿಲಾಶಾಸನಗಳದ್ದು ಇನ್ನೂ ದೊಡ್ಡ ಅಪರಾಧ. ದಾನ ಕೊಟ್ಟವನಾರು, ಪಡೆದವನಾರು, ಹೊಲದ ಎಲ್ಲೆ ಎಲ್ಲಿ, ಎಲ್ಲವನ್ನೂ ದಾರಿಹೋಕರ ಮುಂದೆ ಕಲ್ಲಿನಲ್ಲಿ ಕೊರೆದಿದ್ದಾರೆ. ಶಾಸನ ಸಂಗ್ರಾಹಕ ಬಿ.ಎಲ್. ರೈಸ್ ಅವನ್ನು ಅಚ್ಚೂ ಹಾಕಿಸಿಬಿಟ್ಟರು.

ಒಂದೇ ಅನುಮಾನ ಬುದ್ಧಿ. ತಮ್ಮ ನಾಚಿಕೆ ದೊಡ್ಡವರ ವಿಷಯದಲ್ಲಿ ಮಾತ್ರವೇ? ನಮ್ಮ ಪಹಣಿ ನೋಡಿ. ಸರ್ವೆ ನಂಬರ್ ಗೊತ್ತಿದ್ದವರು ಯಾರಾದರೂ 'ಭೂಮಿ'ಯಲ್ಲಿ ತೆಗೆದು ನೋಡಬಹುದು. ರೈತನ ಹೆಸರು, ಅಪ್ಪನ ಹೆಸರು, ಎಷ್ಟು ಗುಂಟೆ, ಹನ್ನೊಂದನೇ ಕಾಲಮಿನಲ್ಲಿ ಬ್ಯಾಂಕಿನ ಸಾಲ. ಚೆಂಡುಹೂ ಬೆಳೆದವನ ಸಾಲ ಲೋಕಕ್ಕೆಲ್ಲ ಗೊತ್ತಿರಬಹುದು. ಅವನ ಬೆಳೆ ಪರಿಹಾರದ ಪಟ್ಟಿಗೆ ರುಜು ಹಾಕಿದವರು ಯಾರೆಂದು ಕೇಳಿದರೆ ಮಾತ್ರ ತಾವು ಸೆರಗು ಹೊದ್ದುಕೊಳ್ಳಬಹುದು. ನಮ್ಮ ತಾಲ್ಲೂಕಿನ ಮಡಹಳ್ಳಿ ಗುಡ್ಡದ ಕ್ವಾರಿ 2022ರ ಮಾರ್ಚಿನಲ್ಲಿ ಕುಸಿದು ಕಾರ್ಮಿಕರು ಸತ್ತರಲ್ಲ, ಅಂಥ ಕ್ವಾರಿಯ ಗುತ್ತಿಗೆದಾರನ ಹೆಸರೂ ಹೆಸರೇ ತಾನೆ?

2021ರ ಮೇ 2ರ ರಾತ್ರಿ ಚಾಮರಾಜನಗರದ ಜಿಲ್ಲಾಸ್ಪತ್ರೆಯಲ್ಲಿ ಆಮ್ಲಜನಕವಿಲ್ಲದೆ ಜನ ಸತ್ತರು. ಮೂವರೆಂದು ಒಂದು ಲೆಕ್ಕ, 24 ಎಂದು ಇನ್ನೊಂದು. ನಿಜ ತಿಳಿಯಲು ಹೈಕೋರ್ಟು ನಿವೃತ್ತ ನ್ಯಾಯಮೂರ್ತಿ ಎ.ಎನ್. ವೇಣುಗೋಪಾಲ ಗೌಡರ ಸಮಿತಿಯನ್ನೇ ನೇಮಿಸಬೇಕಾಯಿತು. ಸಿಲಿಂಡರ್ ಕೇಳಿದ್ದು ಯಾರು, ಕಳಿಸದಿದ್ದದ್ದು ಯಾರು ಎಂಬುದೆಲ್ಲ ಕಡತದಲ್ಲಿ ರುಜುಗಳಾಗಿ ಇರುತ್ತದೆ. ರುಜುವೆಂದರೆ ಹೆಸರು, ಹೆಸರೆಂದರೆ ವೈಯಕ್ತಿಕ. ಮುಂದಿನ ದುರಂತಕ್ಕೆ ತಾವು ಈಗಲೇ ಸಿದ್ಧ.

ಖಾಸಗಿತನ ಬೇಡವೆಂದು ನಾವೆಲ್ಲಿ ಹೇಳಿದೆವು? ಅದು ಮೂಲಭೂತ ಹಕ್ಕೆಂದು 2017ರಲ್ಲಿ ಸುಪ್ರೀಂ ಕೋರ್ಟಿನಿಂದ ಹೇಳಿಸಿದ್ದೇ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಹೂಡಿದ ಮೊಕದ್ದಮೆ. ಅವರು ಬಡಿದಾಡಿದ್ದು ಸರ್ಕಾರ ನಮ್ಮ ಮನೆಯೊಳಗೆ ಇಣುಕದಿರಲಿ ಎಂದು. ನಾವು ಕಚೇರಿಯೊಳಗೆ ಇಣುಕದಿರಲಿ ಎಂದಲ್ಲ.

ಕಾಲಿಟ್ಟರೆ ಅಧಿಕಾರ ಹೋಗುತ್ತದೆಂದು ಮುಖ್ಯಮಂತ್ರಿಗಳು ವರ್ಷಗಟ್ಟಲೆ ಚಾಮರಾಜನಗರದ ಕಡೆ ತಲೆಹಾಕಿರಲಿಲ್ಲ. ಅಧಿಕಾರ ನಮಗೆ ಮುಖ ತಪ್ಪಿಸುವುದು ಹೊಸದೇನಲ್ಲ. ಆಗ ಮೂಢನಂಬಿಕೆಯೇ ಸಾಕಿತ್ತು, ಈಗ ತಿದ್ದುಪಡಿ ಬೇಕಾಯಿತು.

ಇನ್ನು ಓದುಗರಿಗೊಂದು ಮಾತು. ಇವರ ಪಕ್ಕದ ಮನೆಯಲ್ಲೇ 8(2) ಎಂಬ ಕಲಂ ಇನ್ನೂ ಬದುಕಿದೆ. ಮುಚ್ಚಿಡುವುದರ ಲಾಭಕ್ಕಿಂತ ಜನಹಿತ ದೊಡ್ಡದಿದ್ದರೆ ಮಾಹಿತಿ ಕೊಡಬಹುದು ಎನ್ನುತ್ತದೆ ಅದು. 'ಕೊಡಬಹುದು' ಅಷ್ಟೆ, ಆದರೂ ಅರ್ಜಿಯಲ್ಲಿ ಅದನ್ನು ಹೆಸರಿಸಿ, ಜನಹಿತ ಏನೆಂದು ಬಿಡಿಸಿ ಬರೆಯಿರಿ. ಕೊಡಲಾಗದೆಂಬ ಹಿಂಬರಹ ಬಂದರೆ 30 ದಿನದೊಳಗೆ ಮೇಲ್ಮನವಿ ಹಾಕಿ.

ಇಂತಿ,
ಹೆಸರು ವೈಯಕ್ತಿಕವಾದ ಒಬ್ಬ ಅರ್ಜಿದಾರ