ತಾರಸಿಯ ರೋಗಿ

ಮನುಷ್ಯನಿಗೆ ಮೈ ಹುಷಾರಿಲ್ಲದಿದ್ದರೆ ಬಾಗಿಲು ಹಾಕಿಕೊಂಡು ಮಲಗುತ್ತಾನೆ. ಬೋನ್ಸಾಯ್‌ಗೆ ಆ ಅನುಕೂಲವಿಲ್ಲ. ಎಷ್ಟೇ ಗಿಡ್ಡಗಿದ್ದರೂ ಅದು ಮರವೇ. ಬಿಸಿಲು, ಗಾಳಿ, ಇಬ್ಬನಿ ಬೇಕು. ಆದ್ದರಿಂದ ನರಳುವುದಿದ್ದರೂ ಬಯಲಲ್ಲೇ ನರಳಬೇಕು. ನಮ್ಮ ಮನೆಯ ಆಲದ ಬೋನ್ಸಾಯ್ ಟೀವಿ ಪಕ್ಕದಿಂದ ತಾರಸಿಗೆ ವರ್ಗವಾದ ದಿನವೇ ಅದರ ಆರೋಗ್ಯ ಬೀದಿಯ ಆಸ್ತಿಯಾಯಿತು.

ಅದು ಸೊರಗಿದ್ದು ಉಪವಾಸದಿಂದಲ್ಲ, ಉಪಚಾರದಿಂದ. ತುಳಸಿಗೆ ಹಾಕಿ ಉಳಿದ ನೀರನ್ನು ಅಮ್ಮ ಅದಕ್ಕೆ ಹಾಕುತ್ತಿದ್ದರು. ಮಗಳು ಶಾಲೆಯಿಂದ ಬಂದವಳೇ ಬಾಟಲಿಯ ತಳದಲ್ಲಿದ್ದದ್ದನ್ನು ಸುರಿಯುತ್ತಿದ್ದಳು. ಬಂದ ನೆಂಟರು ಕೂಡ ಲೋಟದಲ್ಲಿ ಮಿಕ್ಕ ನೀರು ವ್ಯರ್ಥವಾಗಬಾರದೆಂದು ಅತ್ತ ಕೈ ಚಾಚುತ್ತಿದ್ದರು. ಬೊಗಸೆ ಮಣ್ಣಲ್ಲಿ ಅಷ್ಟು ನೀರು ನಿಂತರೆ ಬೇರಿಗೆ ಗಾಳಿಯಾಡುವುದಿಲ್ಲ, ಬೇರು ಕೊಳೆಯುತ್ತದೆ. ಕೊಳೆತ ಬೇರು ನೀರು ಹೀರದು, ಎಲೆ ಬಾಡುತ್ತದೆ. ಬಾಡಿದ ಎಲೆ ಕಂಡವರು ‘ಅಯ್ಯೋ ಪಾಪ, ಒಣಗ್ತಿದೆ’ ಎಂದು ಇನ್ನೊಂದು ಲೋಟ ಹಾಕುತ್ತಾರೆ.

ಆಲ, ಅರಳಿ, ಅತ್ತಿಯ ಕುಲಕ್ಕೆ ಇನ್ನೊಂದು ಬಿಂಕವಿದೆ: ಜಾಗ ಬದಲಾಗಿ ಬೆಳಕು ಹೆಚ್ಚುಕಡಿಮೆಯಾದರೆ ಎಲೆ ಉದುರಿಸಿ ಪ್ರತಿಭಟಿಸುತ್ತವೆ. ನಮ್ಮದೂ ತಾರಸಿಗೆ ಬಂದು ಬೋಳಾಯಿತು. ಎಲ್ಲ ಬೋನ್ಸಾಯ್‌ಗಳೂ ಇಷ್ಟು ನಾಜೂಕಲ್ಲ. ವಾಷಿಂಗ್ಟನ್ನಿನ ರಾಷ್ಟ್ರೀಯ ಸಸ್ಯೋದ್ಯಾನದಲ್ಲಿ, 1625ರಿಂದ ಸಾಕಿಕೊಂಡು ಬಂದ ಜಪಾನಿನ ಬಿಳಿ ಪೈನ್ ಬೋನ್ಸಾಯ್ ಒಂದಿದೆ. 1945ರಲ್ಲಿ ಅದು ಹಿರೋಷಿಮಾದಲ್ಲಿ, ಬಾಂಬು ಬಿದ್ದ ಜಾಗದಿಂದ ಸುಮಾರು 3 ಕಿಲೋಮೀಟರ್ ದೂರದಲ್ಲಿ, ಅದನ್ನು ಸಾಕಿದ್ದ ಯಮಾಕಿ ಮನೆತನದ ಗೋಡೆಯ ಮರೆಯಲ್ಲಿತ್ತು, ಬದುಕಿತು. 1976ರಲ್ಲಿ ಅಮೆರಿಕಕ್ಕೇ ಉಡುಗೊರೆಯಾಗಿ ಹೋಯಿತು. ಬಾಂಬಿನ ವಿಷಯ ಅಲ್ಲಿನವರಿಗೆ ತಿಳಿದದ್ದು 2001ರಲ್ಲಿ, ಯಮಾಕಿಯವರ ಮೊಮ್ಮಕ್ಕಳು ನೋಡಲು ಬಂದಾಗ. ಅಣುಬಾಂಬಿಗೂ ಸೊಲ್ಲೆತ್ತದ ಮರ ಅದು. ನಮ್ಮದು ಇಪ್ಪತ್ತು ಮೆಟ್ಟಿಲು ಹತ್ತಿದ್ದಕ್ಕೆ ಊರಿಗೆಲ್ಲ ಹೇಳಿಕೊಂಡು ಕೂತಿತು.

ಬಟ್ಟೆ ಒಣಹಾಕಲು ಬಂದ ಪಕ್ಕದ ಮನೆಯ ಅಜ್ಜಿ, ‘ಹೋಯ್ತು ಕಣಪ್ಪಾ, ಕುಂಡ ತೊಳೆದು ಕೊಡು, ಕರಿಬೇವು ಹಾಕ್ಕೋತೀನಿ’ ಎಂದರು. ರೆಂಬೆಯನ್ನು ಉಗುರಿನಿಂದ ಕೊಂಚ ಕೆರೆದು ತೋರಿಸಿದೆ. ತೊಗಟೆಯಡಿ ಹಸಿರಿದ್ದರೆ ಜೀವವಿದೆ ಎಂದರ್ಥ. ಹಸಿರಿತ್ತು. ಅಜ್ಜಿಗೆ ಸಂತೋಷವೂ ಆಯಿತು, ನಿರಾಸೆಯೂ ಆಯಿತು.

ಚಿಕಿತ್ಸೆ ಅಂಥ ದೊಡ್ಡದೇನಲ್ಲ. ಕೊಳೆತ ಬೇರು ಕತ್ತರಿಸಿ, ಜರಡಿ ಹಿಡಿದ ಕೆಮ್ಮಣ್ಣಿಗೆ ಸುಟ್ಟ ಇಟ್ಟಿಗೆಯ ಚೂರು ಬೆರೆಸಿ ಮತ್ತೆ ನೆಡುವುದು. ಬೆಳಗಿನ ಬಿಸಿಲು, ಮಧ್ಯಾಹ್ನ ನೆರಳು. ಮೇಲ್ಮಣ್ಣಿಗೆ ಬೆರಳಿಟ್ಟು ನೋಡಿ, ಒಣಗಿದ್ದರೆ ಮಾತ್ರ ನೀರು. ಜಡಿಮಳೆ ಹಿಡಿದರೆ ಕುಂಡದ ಒಂದು ಬದಿಗೆ ಇಟ್ಟಿಗೆ ಚೂರು ಕೊಟ್ಟು ವಾಲಿಸಿದರೆ ನೀರು ಬಸಿದುಹೋಗುತ್ತದೆ. ಹಿಟ್ಟುತಿಗಣೆ ಕಂಡರೆ ಬೇವಿನೆಣ್ಣೆಗೆ ತುಸು ಸೋಪಿನ ನೀರು ಬೆರೆಸಿ ಸಿಂಪಡಿಸಬೇಕು. ಜೊತೆಗೆ ಇರುವೆಯ ಸಾಲನ್ನೂ ತಡೆಯಬೇಕು. ತಿಗಣೆ ಸುರಿಸುವ ಸಿಹಿಯ ಆಸೆಗೆ ಅವು ಅದನ್ನು ಹಸು ಸಾಕಿದ ಹಾಗೆ ಸಾಕುತ್ತವೆ.

ಇವೆಲ್ಲ ಒಂದು ಬೆಳಗಿನ ಕೆಲಸ. ಉಳಿದ ಚಿಕಿತ್ಸೆಯೆಂದರೆ ಸುಮ್ಮನಿರುವುದು, ಕಷ್ಟವಿರುವುದು ಅಲ್ಲೇ. ಎದುರುಮನೆ ರಾಯರು ಕಡಲೆ ಹಿಂಡಿ ತಂದರು. ಬೇರೇ ಸರಿಯಿಲ್ಲದಾಗ ಗೊಬ್ಬರ ಹಾಕಬಾರದೆಂದೆ. ‘ಕಾಯಿಲೆಯವರಿಗೇ ಅಲ್ಲವೇನ್ರೀ ಪುಷ್ಟಿ ಬೇಕಾಗೋದು?’ ಎಂದು ಅವರು ಕೊಟ್ಟುಹೋದ ಪೊಟ್ಟಣ ಇನ್ನೂ ಕಿಟಕಿಯಲ್ಲಿದೆ.

ಇಷ್ಟೆಲ್ಲ ನಡೆಯುತ್ತಿರುವಾಗ ಅದೇ ತಾರಸಿಯಲ್ಲಿ, ನೀರಿನ ಟ್ಯಾಂಕಿನ ಬುಡದ ಬಿರುಕಿನಲ್ಲಿ, ಇನ್ನೊಂದು ಆಲ ಹುಟ್ಟಿಕೊಂಡಿತ್ತು. ಯಾವುದೋ ಹಕ್ಕಿ ಉದುರಿಸಿ ಹೋದ ಬೀಜ. ಮಣ್ಣಿಲ್ಲ, ಗೊಬ್ಬರವಿಲ್ಲ, ಹೆಸರು ಹಿಡಿದು ಕೇಳುವವರಿಲ್ಲ. ಗಾರೆಯವನು ಕಿತ್ತು ಸಿಮೆಂಟು ಮೆತ್ತಿ ಹೋದರೂ ಮುಂದಿನ ಮಳೆಗೆ ಪಕ್ಕದಲ್ಲೇ ತಲೆಯೆತ್ತಿತು. ಅಮ್ಮ ಎರಡನ್ನೂ ನೋಡಿ, ‘ಇದನ್ನ ಸಾಯಿಸೋಕೆ ಒಬ್ಬ, ಅದನ್ನ ಉಳಿಸೋಕೆ ನೀನು. ಇಬ್ಬರಿಗೂ ಕೆಲಸ ಬರಲ್ಲ’ ಎಂದರು. ಆಲದ ಛಲವೇ ಹಾಗೆ. ಬೆಂಗಳೂರಿನ ಹೊರಗೆ, ರಾಮೋಹಳ್ಳಿ ಬಳಿಯ ದೊಡ್ಡ ಆಲದ ಮರದ ತಾಯಿಕಾಂಡ ರೋಗ ತಗುಲಿ ಹೋಯಿತು. ಬಿಳಲುಗಳು ಅದಕ್ಕೆ ಕಾಯದೆ ತಾವೇ ಕಾಂಡಗಳಾಗಿ ಸುಮಾರು 3 ಎಕರೆ ಆಳುತ್ತಿವೆ.

ಕೆಲವು ವಾರಗಳ ನಂತರ ನಮ್ಮ ರೋಗಿಯ ತುದಿಯಲ್ಲಿ ಕೆಂಪು ಮೊಗ್ಗಿನಂಥ ಚಿಗುರು ಕಂಡಿತು. ಒಡನೆಯೇ ಹಕ್ಕುದಾರರು ಹುಟ್ಟಿಕೊಂಡರು. ಕಡಲೆ ಹಿಂಡಿಯ ಮಹಿಮೆ ಎಂದರು ರಾಯರು. ತಾವು ದೃಷ್ಟಿ ತೆಗೆದದ್ದರಿಂದ ಎಂದರು ಅಜ್ಜಿ. ಮಗಳು ಮಾತಾಡಲಿಲ್ಲ, ಹರ್ಷ ತಾಳಲಾರದೆ ಚೊಂಬು ತರಲು ಓಡಿದಳು. ಸದ್ಯಕ್ಕೆ ತಾರಸಿಯ ಬೀಗದ ಕೈ ನನ್ನ ಜೇಬಿನಲ್ಲಿದೆ.