ಸ್ವಹಸ್ತ ದೂರಮೀಮಾಂಸೆ

ಯಾವ ಗಣಕಕ್ರೀಡೆಯಲ್ಲಿ ಶತ್ರುನೌಕೆಯ ದೂರವನ್ನು ಯಂತ್ರವು ತಾನಾಗಿ ತಿಳಿಸದೆ ಆಡುವವನೇ ಕೈಯಾರೆ ಅಳೆದು ತಿಳಿಯತಕ್ಕದ್ದೋ, ಮತ್ತು ಹಾಗೆ ಅಳೆಯದವನನ್ನು ಸಹಕ್ರೀಡಕರು ಪಂಕ್ತಿಬಾಹ್ಯನೆಂದು ಎಣಿಸುವರೋ, ಅಂಥ ಜಲಾಂತರ್ಗಾಮಿ ಆಟಗಳಲ್ಲಿ ಒಂದಾದ, 2007ರಲ್ಲಿ ಹೊರಬಂದ ‘ಸೈಲೆಂಟ್ ಹಂಟರ್ 4’ನ್ನು ಆಶ್ರಯಿಸಿ ಈ ಮೀಮಾಂಸೆಯು ಪ್ರವೃತ್ತವಾಗಿದೆ. ಇದಕ್ಕೆ ಅಧಿಕಾರಿ ಯಾರೆಂದರೆ, ನೈಜತೆಯನ್ನು ಶೇಕಡಾ 100ಕ್ಕೆ ಏರಿಸಿಕೊಂಡು, ಏರಿಸಿಕೊಂಡ ಸಂಗತಿಯನ್ನು ಕೇಳದವರಿಗೂ ಹೇಳತಕ್ಕವನು. ಪ್ರಯೋಜನವು ಟಾರ್ಪೆಡೊ ತಗಲುವುದು. ಪರಮಪ್ರಯೋಜನವು, ಇನ್ನೊಬ್ಬನದು ತಗಲದಿದ್ದಾಗ ಅದಕ್ಕೆ ಕಾರಣ ಹೇಳುವುದು.

ದೂರಜ್ಞಾನಕ್ಕೆ ಪ್ರಮಾಣಗಳು ನಾಲ್ಕು. ಪ್ರತ್ಯಕ್ಷವೆಂದರೆ ಪೆರಿಸ್ಕೋಪಿನಲ್ಲಿ ಕಂಡದ್ದು. ಎರಡನೆಯದು ಅನುಮಾನ. ಪರ್ವತದಲ್ಲಿ ಹೊಗೆಯನ್ನು ಕಂಡು ಬೆಂಕಿಯನ್ನು ಊಹಿಸಿದ ತಾರ್ಕಿಕನು ಬೆಂಕಿಯು ಎಷ್ಟು ಗಜ ದೂರವೆಂದು ಹೇಳಬೇಕಾಗಿರಲಿಲ್ಲ. ದಿಗಂತದಲ್ಲಿ ಹೊಗೆಯನ್ನು ಕಂಡ ನಮ್ಮ ನಾವಿಕನಿಗೆ ಆ ವಿನಾಯಿತಿ ಇಲ್ಲ. ಅವನು ಸ್ಟೇಡಿಮೀಟರೆಂಬ ಉಪಕರಣದ ಮೂಲಕ ಒಂದೇ ಹಡಗನ್ನು ಎರಡಾಗಿ ಕಾಣುತ್ತ, ಮೇಲಿನ ಬಿಂಬದ ನೀರಗೆರೆಯನ್ನು ಕೆಳಗಿನ ಬಿಂಬದ ಕೂವೆಕಂಬದ ತುದಿಗೆ ತಾಗಿಸಿ, ಆಗ ದೊರೆತ ಕೋನದಿಂದಲೂ ಕಂಬದ ಎತ್ತರದಿಂದಲೂ ದೂರವನ್ನು ಸಾಧಿಸತಕ್ಕದ್ದು. 30 ಮೀಟರಿನ ಕಂಬವು 2000 ಮೀಟರು ದೂರದಲ್ಲಿ ಒಂದು ಡಿಗ್ರಿಯಷ್ಟು ಕೋನವನ್ನೂ ಮಾಡುವುದಿಲ್ಲವಾಗಿ, ಡಿಗ್ರಿಯ ಇಪ್ಪತ್ತನೆಯ ಒಂದು ಪಾಲು ತಪ್ಪಿದರೂ ದೂರದಲ್ಲಿ ನೂರು ಮೀಟರಿಗೆ ಮಿಕ್ಕ ವ್ಯತ್ಯಾಸ ಬರುತ್ತದೆ; ಅಲೆಯೊಂದು ಎದ್ದು ಗಾಜನ್ನು ಮುಳುಗಿಸುವುದೂ ಸರಿಯಾಗಿ ಆ ಕ್ಷಣದಲ್ಲಿಯೇ. ಉಪಮಾನವೆಂದರೆ ಕಂಡ ಹಡಗನ್ನು ಪರಿಚಯಪುಸ್ತಕದ ಚಿತ್ರದೊಡನೆ ಹೋಲಿಸುವುದು; 25 ಮೀಟರು ಕಂಬದ ಹಡಗನ್ನು 30 ಮೀಟರಿನದೆಂದು ಬಗೆದವನಿಗೆ 2000 ಮೀಟರು 2400 ಆಗಿ ತೋರುವುದು. ನಾಲ್ಕನೆಯದಾದ ಶಬ್ದಕ್ಕೆ ಹೈಡ್ರೋಫೋನು ಇದೆ. ಇವುಗಳ ಅವಾಂತರಭೇದಗಳು ಹದಿನಾರು. ಆದರೆ ನನಗೆ ಮೂರನೆಯದಕ್ಕೇ ಬೇಸರ ಬಂದಿದೆ, ಓದುಗರಿಗೆ ಮೊದಲನೆಯದಕ್ಕೇ ಬಂದಿರಬೇಕು.

ಇಲ್ಲಿ ಪೂರ್ವಪಕ್ಷಿಯೊಬ್ಬನು ಏಳುತ್ತಾನೆ. ‘ಟ್ಯಾಂಗ್’ ಜಲಾಂತರ್ಗಾಮಿಯ ನಾಯಕನಾಗಿದ್ದ ರಿಚರ್ಡ್ ಓಕೇನನ ಹೆಸರಿನಿಂದ ಆಟಗಾರರಲ್ಲಿ ರೂಢಿಯಾದ ಕ್ರಮವನ್ನು ಹಿಡಿದು ಅವನು ಹೇಳುವುದೇನೆಂದರೆ: ಶತ್ರುವಿನ ಮಾರ್ಗಕ್ಕೆ ಲಂಬವಾಗಿ ನಿಂತು, ಹಡಗು 10 ನಾಟ್‌ನಲ್ಲಿಯೂ ಟಾರ್ಪೆಡೊ 46 ನಾಟ್‌ನಲ್ಲಿಯೂ ಹೋಗುವುದಾದರೆ, ಪೆರಿಸ್ಕೋಪನ್ನು ಹಡಗು ಬರುವ ಕಡೆಗೆ 12 ಡಿಗ್ರಿ ತಿರುಗಿಸಿಟ್ಟು, ಅದು ನಡುಗೆರೆಗೆ ಬಂದೊಡನೆ ಟಾರ್ಪೆಡೊವನ್ನು ನೆಟ್ಟಗೆ ಬಿಟ್ಟರೆ ಸಾಕು, ದೂರವು 800 ಮೀಟರಾದರೂ 1500 ಆದರೂ ಲೆಕ್ಕ ಒಂದೇ. ಕೆಡುವುದು ವೇಗ ತಪ್ಪಿದರೆ; 1500 ಮೀಟರಿನಲ್ಲಿ 2 ನಾಟ್ ತಪ್ಪೆಂದರೆ ಗುರಿಯಲ್ಲಿ 60 ಮೀಟರಿಗೂ ಹೆಚ್ಚು ತಪ್ಪು. ಅಂದಮೇಲೆ ಕೂವೆಕಂಬದ ಈ ಆರಾಧನೆಯೆಲ್ಲ ಏತಕ್ಕೆ? ಈ ಆಕ್ಷೇಪವನ್ನು ಖಂಡಿಸಲು ಅಶಕ್ತನಾದುದರಿಂದ ನಾನು ಅದನ್ನು ಉಪೇಕ್ಷಿಸುತ್ತೇನೆ. ಶಾಸ್ತ್ರಕಾರರ ಸಂಪ್ರದಾಯವೂ ಇದೇ.

ಇನ್ನು ಸಿದ್ಧಾಂತ: ಗುರಿಯು ಪರಿಪೂರ್ಣವಾದಷ್ಟೂ ಫಲವು ಕ್ಷೀಣಿಸುತ್ತದೆ. ಇದು ವಿನೋದವಲ್ಲ. 1943ರ ಜುಲೈ 24ರಂದು ಪೆಸಿಫಿಕ್ ಸಾಗರದ ಟ್ರಕ್ ದ್ವೀಪಗಳ ಪಶ್ಚಿಮಕ್ಕೆ ಅಮೆರಿಕದ ಜಲಾಂತರ್ಗಾಮಿ ‘ಟಿನೋಸಾ’ದ ನಾಯಕ ಡ್ಯಾಸ್ಪಿಟ್, ಜಪಾನಿನ ‘ತೋನಾನ್ ಮಾರು 3’ ಎಂಬ ಭಾರಿ ಹಡಗನ್ನು ಓರೆಯಾಗಿ ಹೊಡೆದು ನಿಲ್ಲಿಸಿ, ಆಮೇಲೆ ಕದಲದೆ ನಿಂತ ಆ ಗುರಿಗೆ ನೆಟ್ಟನೆ ಲಂಬವಾಗಿ ಒಂದರ ಹಿಂದೊಂದು ಮಾರ್ಕ್ 14 ಟಾರ್ಪೆಡೊಗಳನ್ನು ಬಿಟ್ಟನು. ತಗಲಿದವು, ಸಿಡಿಯಲಿಲ್ಲ. ಕೊನೆಯದೊಂದನ್ನು ಪರೀಕ್ಷೆಗೆಂದು ಉಳಿಸಿಕೊಂಡು ಹವಾಯಿಗೆ ಮರಳಿದನು. ಅಲ್ಲಿ ಸಿಡಿತಲೆಗಳನ್ನು, ಮದ್ದಿಲ್ಲದೆ, 90 ಅಡಿ ಎತ್ತರದಿಂದ ಉಕ್ಕಿನ ಹಲಗೆಯ ಮೇಲೆ ಬೀಳಿಸಿ ನೋಡಲಾಗಿ, ನೆಟ್ಟಗೆ ಬಿದ್ದ ಹತ್ತರಲ್ಲಿ ಏಳು ವಿಫಲವಾದವು. ಓರೆಯಾಗಿ ತಾಗಿದವು ಅಷ್ಟು ಕೆಡಲಿಲ್ಲ. ಸರಿಯಾದ ಹೊಡೆತಕ್ಕೇ ಒಳಗಿನ ಸೂಜಿಯು ನಜ್ಜುಗುಜ್ಜಾಗುತ್ತಿತ್ತು.

ಅದಕ್ಕೆ ಮೊದಲು ನೌಕಾ ಆಯುಧ ಇಲಾಖೆಯ ಮಹನೀಯರು ಹೇಳುತ್ತಿದ್ದುದೇನು? ನಿಮ್ಮ ಗುರಿ ಸರಿಯಿಲ್ಲ ಎಂದು! 1942ರ ಜೂನ್‌ನಲ್ಲಿ ಜಲಾಂತರ್ಗಾಮಿ ಪಡೆಯೊಂದರ ಅಧಿಪತಿ ಅಡ್ಮಿರಲ್ ಲಾಕ್‌ವುಡ್ಡನು ಆಸ್ಟ್ರೇಲಿಯದ ಆಲ್ಬನಿಯಲ್ಲಿ ಮೀನುಬಲೆಯೊಂದನ್ನು ಕೊಳ್ಳಿಸಿ ಸಮುದ್ರದಲ್ಲಿ ಇಳಿಬಿಟ್ಟು, 10 ಅಡಿ ಆಳಕ್ಕೆ ಅಳವಡಿಸಿದ ಟಾರ್ಪೆಡೊ ಅದನ್ನು 25 ಅಡಿಯಲ್ಲಿ ತೂತುಮಾಡಿಕೊಂಡು ಹೋದುದನ್ನು ತೋರಿಸಿದಾಗ, ಇಲಾಖೆಯು ಮೊದಲು ಪರೀಕ್ಷೆಯ ಕ್ರಮವನ್ನೇ ತಪ್ಪೆಂದಿತು. ಖರ್ಚು ಹೆಚ್ಚೆಂದು ತಾವು ಶಾಂತಿಕಾಲದಲ್ಲಿ ನೆಟ್ಟಗೆ ಪರೀಕ್ಷಿಸದೆ ಬಿಟ್ಟ ಆಯುಧವನ್ನು ಕೈಗಿತ್ತು, ಅದು ಸಿಡಿಯದಿದ್ದಾಗ ಹಡಗಿನಡಿಯ ಕತ್ತಲಲ್ಲಿ ನೀರುಬಾಂಬುಗಳ ಕೆಳಗೆ ಉಸಿರು ಬಿಗಿಹಿಡಿದವನಿಗೆ ಲೆಕ್ಕ ಬಾರದೆಂದು ಷರಾ ಬರೆಯುವುದಕ್ಕೆ ಎಂಥ ಎದೆ ಬೇಕು! ಆ ವರ್ಷ ಎಷ್ಟೋ ನಾಯಕರು ಫಲಿತಾಂಶ ಸಾಲದೆಂದು ಹುದ್ದೆಯಿಂದ ಇಳಿದರು. ಅವರಲ್ಲಿ ಯಾರ ಕೈ ತಪ್ಪಿತ್ತು, ಯಾರ ಟಾರ್ಪೆಡೊ ತಪ್ಪಿತ್ತು ಎಂದು ಈಗ ಯಾರು ವಿಂಗಡಿಸಬಲ್ಲರು?

ಆಟದಲ್ಲಿ ಸಿಡಿಯದ ಟಾರ್ಪೆಡೊ ಎಂಬುದು ಆಯ್ಕೆಪಟ್ಟಿಯ ಒಂದು ಚೌಕ. ನಮ್ಮ ಶೇಕಡಾ 100ರ ಪಂಡಿತನು ಅದಕ್ಕೂ ಗುರುತು ಹಾಕಿಯಾನು. ಆದರೆ ಟಾರ್ಪೆಡೊ ಠಣ್ಣೆಂದು ತಾಗಿ ಸುಮ್ಮನಾದೊಡನೆ, ದಡದಲ್ಲಿ ಕುಳಿತವನೊಬ್ಬನಿಂದ ‘ಕೋನವನ್ನು ಸರಿಯಾಗಿ ಅಳೆಯತಕ್ಕದ್ದು’ ಎಂಬ ಓಲೆ ಬರುವ ವ್ಯವಸ್ಥೆಯನ್ನು ಆಟ ಮಾಡಿದವರು ಇಟ್ಟಿಲ್ಲ. ಇಡಬೇಕಾದ ಅಗತ್ಯವೂ ಕಾಣದು. ಆ ಇಲಾಖೆಯ ಕೆಲಸವನ್ನು ಪಂಡಿತನು ತಾನೇ ಸಂಬಳವಿಲ್ಲದೆ ನಡೆಸಿಕೊಂಡು ಬರುತ್ತಿದ್ದಾನೆ.